ಇನ್ನೊಂದು ಅಳತೆ ಬರಲಿ

ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ ಎಂಬುದು ನನ್ನ ಬಗ್ಗೆ ಅರ್ಧ ಸತ್ಯ. ಉಳಿದ ಅರ್ಧವನ್ನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಜನ ಒಂದೋ ಕೈ ಮುಗಿಯುತ್ತಾರೆ, ಇಲ್ಲವೇ ರಾಕೆಟ್ ಹಾರಿದಾಗ ನೀವೂ ಅಲ್ಲೇ ಇದ್ದಿರಾ ಎಂದು ಕೇಳುತ್ತಾರೆ. ಎರಡೂ ನನಗೆ ಸೇರದು. ರಾಕೆಟ್ ಹಾರಿದ ಹೊತ್ತಿನಲ್ಲಿ ನಾನು ಎರಡನೇ ವರ್ಷದ ಬಿಎಸ್ಸಿಯವರ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ.

ನನ್ನ ಇನ್ನೊಂದು ಕೆಲಸ ಬಾಹ್ಯಾಕಾಶ ನೌಕೆಗಳ ದಾರಿಯ ಲೆಕ್ಕ. ಬಾಹ್ಯಾಕಾಶ ಸಂಸ್ಥೆಯ ನೌಕರಳಲ್ಲ. ಅವರ ಒಂದು ಯೋಜನೆಗೆ ಹೊರಗಿನಿಂದ ಲೆಕ್ಕ ಮಾಡಿಕೊಡುವ ಐದಾರು ಮಂದಿಯಲ್ಲಿ ಒಬ್ಬಳು. ಜಯಲಕ್ಷ್ಮಿಪುರಂನ ಒಂದು ಮನೆಯ ಮಹಡಿ ಮೇಲೆ ಬಾಡಿಗೆಗೆ ಹಿಡಿದ ಕೋಣೆ, ಎರಡು ಕಂಪ್ಯೂಟರು, ಗೋಡೆ ತುಂಬ ಬಿಳಿ ಹಲಗೆ, ಇಷ್ಟೇ ನಮ್ಮ ಸಂಪತ್ತು. ಕಾಲೇಜು ಮುಗಿಸಿ ಮಧ್ಯಾಹ್ನ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ನಮ್ಮ ನೌಕೆ ಇರುವುದು ಸೂರ್ಯನ ದಿಕ್ಕಿನಲ್ಲೇ ಆದ್ದರಿಂದ ಅದರ ಅಳತೆಗಳು ಬರುವುದೂ ಹಗಲಿನಲ್ಲೇ. ಸಂಜೆ ಆರರ ಹೊತ್ತಿಗೆ ಅಶೋಕಪುರಂನ ಮನೆ ಸೇರಿಬಿಡುತ್ತಿದ್ದೆ.

ಸೂರ್ಯನಿಗೂ ಭೂಮಿಗೂ ನಡುವಿನ ಗೆರೆಯ ಮೇಲೆ, ನಮ್ಮಿಂದ ಸುಮಾರು ಹದಿನೈದು ಲಕ್ಷ ಕಿಲೋಮೀಟರ್ ಆಚೆ ಒಂದು ಜಾಗವಿದೆ. ಅಲ್ಲಿ ಎರಡರ ಸೆಳೆತವೂ ಹದವಾಗಿ ಹೊಂದಿಕೊಂಡು, ಅಲ್ಲಿಟ್ಟ ವಸ್ತು ಭೂಮಿಯ ಜತೆಜತೆಗೇ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತಬಲ್ಲದು. ಸೂರ್ಯನನ್ನು ಎಡೆಬಿಡದೆ ನೋಡಬೇಕಾದ ನೌಕೆಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಅಲ್ಲಿ ನೆಲೆ ನಿಲ್ಲುವುದು ಸುಲಭವಲ್ಲ. ಕೂದಲೆಳೆಯಷ್ಟು ಸರಿದರೂ ಆ ಸರಿದದ್ದು ಬೆಳೆಯುತ್ತಲೇ ಹೋಗುತ್ತದೆ. ಸುಮಾರು ಹದಿನಾರು ದಿನಕ್ಕೆ ಎರಡರಷ್ಟು, ಇನ್ನು ಹದಿನಾರು ದಿನಕ್ಕೆ ನಾಲ್ಕರಷ್ಟು. ಹೇಳುವವರು ಕೇಳುವವರು ಇಲ್ಲದೆ ಬಿಟ್ಟರೆ ಕೆಲವು ತಿಂಗಳಲ್ಲಿ ನೌಕೆ ಕೈಬಿಟ್ಟು ಹೋಗುತ್ತದೆ.

ನಾನು ಕಲಿತದ್ದು ಚಲನಶೀಲ ವ್ಯವಸ್ಥೆಗಳ ಗಣಿತ. ಕಾಲ ಕಳೆದಂತೆ ಬದಲಾಗುವ ಯಾವುದನ್ನೇ ತೆಗೆದುಕೊಂಡರೂ, ಇಲ್ಲಿಂದ ಹೊರಟರೆ ಎಲ್ಲಿಗೆ ಮುಟ್ಟುತ್ತದೆ, ಸ್ವಲ್ಪ ಪಕ್ಕದಿಂದ ಹೊರಟರೆ ಎಲ್ಲಿಗೆ ಮುಟ್ಟುತ್ತದೆ ಎಂದು ಕೇಳುವ ಗಣಿತ. ಒಂದೊಂದೇ ದಾರಿಯನ್ನು ನೋಡದೆ ದಾರಿಗಳ ಹಿಂಡನ್ನೇ ಒಟ್ಟಿಗೆ ನೋಡುತ್ತದೆ. ಹಾಗೆ ನೋಡಿದಾಗ, ಆ ಜಾಗದ ಕಡೆಗೆ ತಾವಾಗಿಯೇ ಹರಿದುಹೋಗುವ ದಾರಿಗಳು ಒಂದು ಉದ್ದನೆಯ ಕೊಳವೆಯಂತೆ ಕೂಡಿಕೊಂಡಿರುವುದು ಕಾಣುತ್ತದೆ. ಅದನ್ನು ಕಂಡುಹಿಡಿಯುವ ರೀತಿ ಸ್ವಾರಸ್ಯವಾದದ್ದು. ಮುಟ್ಟಬೇಕಾದ ಕಡೆಯಿಂದಲೇ ಶುರುಮಾಡಿ ಕಾಲವನ್ನು ಹಿಂದಕ್ಕೆ ಓಡಿಸುತ್ತೇವೆ. ಹಿಂದಕ್ಕೆ, ಹಿಂದಕ್ಕೆ ಲೆಕ್ಕ ಮಾಡುತ್ತ ಭೂಮಿಯ ಹತ್ತಿರ ಬಂದಾಗ ಕೊಳವೆಯ ಬಾಯಿ ಸಿಗುತ್ತದೆ. ನೌಕೆಯನ್ನು ಆ ಬಾಯಿಗೆ ಸೇರಿಸಿಬಿಟ್ಟರೆ ಮುಂದೆ ಇಂಧನದ ಖರ್ಚು ಬಹಳ ಇಲ್ಲ. ಇದನ್ನು ಮೊದಲ ಸಲ ಲೆಕ್ಕ ಹಾಕಿ ಪರದೆಯ ಮೇಲೆ ನೋಡಿದ ದಿನ ನನಗೆ ಅಳು ಬಂದಿತ್ತು.

ಅಲ್ಲಿಗೆ ಮುಟ್ಟಿದ ಮೇಲೆ ಶುರುವಾಗುವುದು ಬೇಸರದ ಕೆಲಸ. ನೌಕೆ ಎಲ್ಲಿದೆ ಎಂಬುದು ನಮಗೆ ಯಾವತ್ತೂ ಪೂರ್ತಿ ಗೊತ್ತಿರುವುದಿಲ್ಲ. ರೇಡಿಯೋ ಅಲೆ ಹೋಗಿ ಬರುವ ಹೊತ್ತಿನಿಂದ ದೂರ ಅಳೆಯುತ್ತಾರೆ. ಆ ಅಳತೆಯಲ್ಲೂ ಒಂದಿಷ್ಟು ತಪ್ಪು ಇದ್ದೇ ಇರುತ್ತದೆ. ನೌಕೆ ದಾರಿ ಬಿಟ್ಟಂತೆ ಕಂಡರೆ, ನಿಜಕ್ಕೂ ಬಿಟ್ಟಿದೆಯೋ ಅಳತೆಯೇ ಹಾಗೆ ತೋರಿಸುತ್ತಿದೆಯೋ ಹೇಳುವುದು ಕಷ್ಟ. ಹೊಸಬರು ಎಡವುವುದು ಇಲ್ಲೇ. ಗಾಬರಿಬಿದ್ದು ಎಂಜಿನ್ ಉರಿಸಿ ತಳ್ಳಿಬಿಡೋಣ ಅನ್ನುತ್ತಾರೆ. ಆಗ ಇಲ್ಲದ ತಪ್ಪನ್ನು ತಿದ್ದಲು ಹೋಗಿ ಇಂಧನವನ್ನೂ ಕಳೆದು ನಿಜವಾದ ತಪ್ಪನ್ನೇ ಮಾಡಿದಂತಾಗುತ್ತದೆ. ಅದಕ್ಕೇ, ನಮ್ಮ ನೌಕೆ ಹೊರಡುವ ಮೊದಲು ಹಳೆಯ ನೌಕೆಯೊಂದರ ಅಳತೆಗಳ ಮೇಲೆ ತಾಲೀಮು ಮಾಡುವ ಕಾಲದಿಂದಲೂ ನಮ್ಮಲ್ಲಿ ಒಂದು ನಿಯಮ ಇತ್ತು: ಕಂಡ ವ್ಯತ್ಯಾಸ ಅಳತೆಯ ತಪ್ಪಿನ ಮೂರರಷ್ಟಾಗುವವರೆಗೆ ಕೈ ಹಾಕಬಾರದು. ಗುಂಪಿನಲ್ಲಿ ಅದನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದವಳು ನಾನು. ಯಾರು ಏನು ತಂದು ತೋರಿಸಿದರೂ ‘ಇನ್ನೊಂದು ಅಳತೆ ಬರಲಿ’ ಅನ್ನುತ್ತಿದ್ದೆ. ಮನೆಗೆ ಬೆಂಕಿ ಬಿದ್ದರೂ ಮೇಡಂ ಹಾಗೇ ಅಂತಾರೆ ಎಂದು ಗುಂಪಿನ ಹುಡುಗಿಯರು ಆಡಿಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿದ್ದದ್ದು ನಾನು ಮತ್ತು ಅಕ್ಕ, ಇಬ್ಬರೇ. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನನಗೆ ಆರು ವರ್ಷವಿದ್ದಾಗ ಅಮ್ಮ ಮೈಯೆಲ್ಲ ಊದಿಕೊಂಡು ತೀರಿಹೋದಳು. ಏನು ಕಾಯಿಲೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಅಕ್ಕ ಹದಿನೆಂಟಕ್ಕೇ ಮೇಟಗಳ್ಳಿಯ ಒಂದು ಕಾರ್ಖಾನೆಗೆ ಸೇರಿಕೊಂಡಳು. ನನ್ನ ಓದು ಮುಗಿಯಲಿ ಎಂದು ಮದುವೆಯ ಮಾತನ್ನು ಮುಂದಕ್ಕೆ ಹಾಕುತ್ತ ಹಾಕುತ್ತ, ಕೊನೆಗೆ ಆ ಮಾತನ್ನೇ ಬಿಟ್ಟಳು. ಇದನ್ನು ನೆನಸಿಕೊಂಡಾಗಲೆಲ್ಲ ನನಗೆ ಕೃತಜ್ಞತೆಗಿಂತ ಸಿಟ್ಟೇ ಮೊದಲು ಬರುತ್ತದೆ. ನನ್ನನ್ನು ಕೇಳಿ ಬಿಟ್ಟಳೇ?

ಕಾರ್ಖಾನೆಯಲ್ಲಿ ಅವಳದು ಇನ್‌ಸ್ಪೆಕ್ಷನ್. ಕಬ್ಬಿಣದ ಸಣ್ಣ ಸಣ್ಣ ಬಿಡಿಭಾಗಗಳು ಟ್ರೇಯಲ್ಲಿ ಬರುತ್ತವೆ. ಒಂದೊಂದಕ್ಕೂ ತೂತು. ಅವಳ ಕೈಯಲ್ಲಿ ಗೇಜು. ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಸರಿಯಿದ್ದರೆ ಟ್ರೇಗೆ ಟ್ಯಾಗ್ ಕಟ್ಟಿ ತನ್ನ ಸಹಿ ಹಾಕಬೇಕು. ಮೂವತ್ತೆಂಟು ವರ್ಷ ಇದನ್ನೇ ಮಾಡಿದವಳು.

ಒಂದು ಸಂಜೆ ಮುದ್ದೆ ಉಪ್ಸಾರು ಉಣ್ಣುವಾಗ ನನ್ನ ನಿಯಮವನ್ನು ಅವಳಿಗೆ ವಿವರಿಸಿದೆ. ಅವಳು ಕೇಳಿಸಿಕೊಂಡು, “ಕೆಟ್ಟದೆಯೋ ಇಲ್ವೋ ಅಂತ ಡೌಟ್ ಬಂದ್ರೆ ಏನ್ ಮಾಡೀಯೆ ಅಂಗಾರೆ?” ಎಂದಳು.

“ಕಾಯ್ತೀನಿ.”

“ನಾವು ಕಾಯಲ್ಲ ಕಣೆ. ಡೌಟ್ ಬಂತಾ, ಕೆಂಪು ಡಬ್ಬಿಗೆ ಎತ್ತಾಕ್ತೀವಿ. ಆಮೇಲೆ ನೋಡದು.”

“ನಿಮಗೆ ದಿನಕ್ಕೆ ಸಾವಿರ ಬರ್ತವೆ ಅಕ್ಕ. ನಮ್ಮತ್ರ ಇರೋದು ಒಂದೇ.”

“ಒಂದೇ ಅದೆ ಅಂದ್ರೆ ಇನ್ನೂ ಬಿರ್ರನೆ ನೋಡ್ಬೇಕಲ್ವಾ?” ಎಂದು ಕೈ ತೊಳೆಯಲು ಎದ್ದುಹೋದಳು. ನನಗೆ ನಗು ಬಂತು. ಇವಳಿಗೆ ಅರ್ಥವಾಗಲಿಲ್ಲ ಎಂದುಕೊಂಡೆ.

ಅದೇ ವರ್ಷ ಕಾರ್ಖಾನೆಯಲ್ಲಿ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಿದರು. ಅಕ್ಕನ ಬಿಪಿ ಹೆಚ್ಚಿತ್ತು. ಕ್ರಿಯಾಟಿನಿನ್ ಎಂಬ ಅಂಶವೂ ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲಿತ್ತು. ಕಿಡ್ನಿ ಸರಿಯಾಗಿ ಸೋಸದೆ ಹೋದರೆ ಅದು ರಕ್ತದಲ್ಲಿ ಏರುತ್ತದೆ. ನಮ್ಮ ಬಡಾವಣೆಯ ಡಾಕ್ಟರು ಚೀಟಿ ನೋಡಿ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಕಿಡ್ನಿ ಡಾಕ್ಟರಿಗೆ ಒಂದು ಸಲ ತೋರಿಸಿಬಿಡಿ ಎಂದರು. ಅವರು ಹೇಳಬೇಕಾದ್ದನ್ನು ಹೇಳಿದರು. ನಾನು ಮನೆಗೆ ಬಂದು ಗ್ರಾಫ್ ಹಾಳೆ ತೆಗೆದೆ.

ಇನ್ನೊಂದು ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ. ಅಲ್ಲಿ ಕಡಿಮೆ ಬಂತು. ಮೂರು ತಿಂಗಳು ಬಿಟ್ಟು ಮಾಡಿಸಿದಾಗ ಮೊದಲಿಗಿಂತ ಒಂದು ಕಡ್ಡಿ ಹೆಚ್ಚು. ಲ್ಯಾಬಿನಿಂದ ಲ್ಯಾಬಿಗೇ ಇಷ್ಟು ವ್ಯತ್ಯಾಸವಿರುವಾಗ ಈ ಏರಿಳಿತಕ್ಕೆ ಅರ್ಥವಿಲ್ಲ ಎಂದು ತೀರ್ಮಾನಿಸಿದೆ. ಅಕ್ಕನನ್ನು ಕೂರಿಸಿಕೊಂಡು ಗ್ರಾಫ್ ತೋರಿಸಿ ಪಾಠವನ್ನೇ ಮಾಡಿದೆ. ಮೂರು ಚುಕ್ಕಿ ಇಟ್ಟುಕೊಂಡು ಗೆರೆ ಎಳೆಯಬಾರದು ಎಂದೆ.

“ಸಂಜೆ ಆದ್ರೆ ಚಪ್ಲಿ ಬಿಗಿ ಆಯ್ತದೆ ಕಣವ್ವ. ಏನೋ ಸರಿಯಿಲ್ಲ,” ಎಂದಳು.

“ಅದು ನಿನಗೆ ಅನ್ಸೋದು. ಇನ್ನೊಂದು ಅಳತೆ ಬರಲಿ. ಆಮೇಲೆ ಹೋಗೋಣ.”

ಅವಳು ಒಪ್ಪಿಕೊಂಡಳು. ಊರಿಗೆಲ್ಲ ನನ್ನ ಬುದ್ಧಿವಂತಿಕೆಯ ಬಗ್ಗೆ ಹೇಳಿಕೊಂಡು ಬರುವವಳು ಒಪ್ಪದೆ ಇರುತ್ತಾಳೆಯೇ? ಸೊಂಟ ನೋವಿಗೆ, ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತ ಕೆಲಸಕ್ಕೆ ಹೋದಳು. ಆ ಮಾತ್ರೆಗಳು ಕಿಡ್ನಿಗೆ ಎಷ್ಟು ಕೆಟ್ಟವು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಕಿಡ್ನಿ ಡಾಕ್ಟರ ಹತ್ತಿರ ಹೋಗಿದ್ದರೆ ಅವರು ಮೊದಲ ದಿನವೇ ನಿಲ್ಲಿಸುತ್ತಿದ್ದರು.

ಆಮೇಲೆ ಯೋಜನೆಯ ಕೆಲಸ ಜೋರಾಯಿತು. ನೌಕೆ ಹೊರಡುವ ದಿನ ಬದಲಾದಂತೆಲ್ಲ ಕೊಳವೆಯ ಬಾಯಿಯೂ ಬದಲಾಗುತ್ತದೆ. ಪ್ರತಿ ದಿನಕ್ಕೂ ಬೇರೆ ಲೆಕ್ಕ ಇಟ್ಟುಕೊಂಡಿರಬೇಕು. ಒಂದು ವರ್ಷ ಹೋಯಿತು, ಎರಡಾಯಿತು. ಪರೀಕ್ಷೆ ಮಾಡಿಸಿದೆಯಾ ಎಂದು ನಡುವೆ ಎರಡು ಸಲ ಕೇಳಿದ್ದೆ. “ಸಾಕು ಬುಡು, ಸೂಜಿ ಚುಚ್ಚಿಸ್ಕೊಂಡು ಸಾಕಾಯ್ತು” ಎಂದಳು. ನಾನೂ ಒತ್ತಾಯ ಮಾಡಲಿಲ್ಲ. ತಾಲೀಮಿನ ಅಳತೆ ಒಂದು ದಿನ ತಡವಾದರೂ ಫೋನ್ ಮಾಡಿ ಜಗಳವಾಡುವವಳು ಅಕ್ಕನ ಅಳತೆ ಎರಡು ವರ್ಷ ಬಾರದಿದ್ದರೂ ಸುಮ್ಮನಿದ್ದೆ. ಕಾಯುವುದು ಬೇರೆ, ಮರೆಯುವುದು ಬೇರೆ, ನಾನು ಮರೆತಿದ್ದೆ.

ನೌಕೆ ಹೊರಟು, ನಾಲ್ಕು ತಿಂಗಳು ಪ್ರಯಾಣ ಮಾಡಿ, ಒಂದು ಮಧ್ಯಾಹ್ನ ತನ್ನ ಜಾಗದ ಸುತ್ತಲಿನ ಕಕ್ಷೆಗೆ ಸೇರಿಕೊಂಡಿತು. ಕೊನೆಯ ತಳ್ಳುವಿಕೆಗೆ ನಮ್ಮ ಗುಂಪು ಕೊಟ್ಟ ಅಂಕಿಗೂ ಆಮೇಲೆ ಅಳೆದು ಸಿಕ್ಕ ಅಂಕಿಗೂ ಹೆಚ್ಚು ಅಂತರವೇ ಇರಲಿಲ್ಲ. ಅಕ್ಕ ಗಸಗಸೆ ಪಾಯಸ ಮಾಡಿ ಬೀದಿಯ ಮನೆಮನೆಗೂ ಹಂಚಿ ಬಂದಳು. ಹಂಚಿ ಬಂದು ಬಾಗಿಲಲ್ಲೇ ಕುಳಿತು ಏದುಸಿರು ಬಿಟ್ಟಳು. ಪಾದಗಳು ಊದಿದ್ದವು. ನಿಂತು ನಿಂತು ಹೀಗಾಗಿದೆ, ಕಾಲು ನೀಡಿ ಮಲಗು ಎಂದೆ.

ಮುಂದಿನ ಹುಣ್ಣಿಮೆಗೆ ನಮ್ಮ ಬಡಾವಣೆಯ ಬುದ್ಧ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಅವಳು ಚಾಪೆಯಿಂದ ಏಳಲಿಲ್ಲ. ಉಸಿರು ಸಿಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸರು ಎತ್ತಿಕೊಂಡು ಆಟೋದಲ್ಲಿ ಕೂರಿಸಿದರು. ಆಸ್ಪತ್ರೆಯಲ್ಲಿ ಬಂದ ಅಂಕಿ ನನ್ನ ಗ್ರಾಫ್ ಹಾಳೆಯಲ್ಲಿ ಹಿಡಿಸುವಂಥದ್ದಲ್ಲ. ಸ್ಕ್ಯಾನ್ ಮಾಡಿದರೆ ಎರಡೂ ಕಿಡ್ನಿ ತುಂಬ ನೀರುಗುಳ್ಳೆಗಳು. ವಂಶದಲ್ಲಿ ಬರುವ ಕಾಯಿಲೆ, ತಾಯಿ ಹೇಗೆ ಹೋದರು ಎಂದು ಕಿಡ್ನಿ ಡಾಕ್ಟರು ಕೇಳಿದರು. ಹೇಳಿದೆ. ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನೂ ಕೇಳಿದೆ. ಅವರು ನನ್ನ ಮುಖ ನೋಡಿ, “ಪೂರ್ತಿ ತಪ್ಪಿಸೋಕಾಗ್ತಿರಲಿಲ್ಲ ಮೇಡಂ. ನಿಧಾನ ಮಾಡಬಹುದಿತ್ತು. ಎಷ್ಟು ವರ್ಷ ಅಂತ ಹೇಳೋಕಾಗಲ್ಲ,” ಎಂದರು. ಅಂದಿನಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್.

ಅದಾದ ಮೇಲೆ ನಾನು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಜಯಲಕ್ಷ್ಮಿಪುರಂನ ಕೋಣೆಯಲ್ಲಿ ಕುಳಿತು ಅಕ್ಕನ ಆಯುಷ್ಯವನ್ನು ಹಿಂದಕ್ಕೆ ಓಡಿಸಿದೆ. ಆಸ್ಪತ್ರೆಯ ದಿನದಿಂದ ಶುರುಮಾಡಿ ಪಾಯಸದ ದಿನ, ಎರಡು ವರ್ಷದ ಖಾಲಿ, ಮೂರು ಚುಕ್ಕಿ. ಯಾವ ದಿನ ಒಂದಿಷ್ಟೇ ತಳ್ಳಿದ್ದರೆ ಸಾಕಿತ್ತು ಎಂದು ಹುಡುಕಿದೆ. ಬೇರೆ ಬೇರೆ ವೇಗ ಊಹಿಸಿಕೊಂಡು ಹತ್ತಾರು ಗೆರೆ ಎಳೆದೆ. ಒಂದೊಂದು ಗೆರೆಗೂ ಬೇರೆ ಬೇರೆ ದಿನ ಬಂತು. ಆಗ ನನ್ನ ತಪ್ಪು ಏನೆಂದು ಗೊತ್ತಾಯಿತು. ನೌಕೆಯ ವಿಷಯದಲ್ಲಿ ನಾವು ಧೈರ್ಯವಾಗಿ ಕಾಯುವುದು ಅದರ ಚಲನೆಯ ಸೂತ್ರ ಕೈಯಲ್ಲಿ ಇರುವುದರಿಂದ. ಎಷ್ಟು ದಿನ ಕಾದರೆ ಎಷ್ಟು ಕೆಡುತ್ತದೆ ಎಂಬುದು ಮೊದಲೇ ಲೆಕ್ಕ ಹಾಕಿ ಇಟ್ಟಿರುತ್ತದೆ. ಅಕ್ಕನ ಮೈಯ ಸೂತ್ರ ನನಗೆ ಗೊತ್ತಿರಲಿಲ್ಲ. ಸೂತ್ರವಿಲ್ಲದವಳು ನಿಯಮವನ್ನು ಮಾತ್ರ ಎತ್ತಿಕೊಂಡು ಬಂದು ಅವಳ ಮೇಲೆ ಹೇರಿದ್ದೆ. ಮೊದಲ ವರ್ಷದ ವಿದ್ಯಾರ್ಥಿ ಹೀಗೆ ಮಾಡಿದ್ದರೆ ಸೊನ್ನೆ ಕೊಡುತ್ತಿದ್ದೆ.

ಎಲ್ಲರೂ ಸಮಾಧಾನ ಹೇಳಿದರು. ನಿನ್ನ ತಪ್ಪೇನಿದೆ, ವಂಶದಲ್ಲಿ ಬಂದದ್ದು ಎಂದರು. ನನಗೆ ಆ ಸಮಾಧಾನ ಕೇಳಿ ಕೇಳಿ ಮೈ ಉರಿಯುತ್ತಿತ್ತು. ಕೊನೆಗೊಂದು ದಿನ ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ಅಕ್ಕನನ್ನೇ ಕೇಳಿದೆ. “ನನ್ನಿಂದ ಆಯ್ತು ಅಲ್ವಾ ಅಕ್ಕ?”

ಅವಳು ಹೊರಗೆ ನೋಡುತ್ತಲೇ ಹೇಳಿದಳು. “ಊಂ. ನಾವು ಟ್ಯಾಗ್ ಮೇಲೆ ಸೈನ್ ಮಾಡಿದ್ ಮೇಲೆ ಆ ಮಾಲು ನಮ್ದೇ. ಈ ಮಾಲು ನೀನೇ ಪಾಸ್ ಮಾಡ್ದೋಳು. ನಾನೂ ಡೌಟ್ ಇಟ್ಕೊಂಡು ಬಾಯ್ ಮುಚ್ಕೊಂಡಿದ್ದೆ. ಇಬ್ರುದೂ ಸೈನ್ ಅದೆ.” ಆಮೇಲೆ ನನ್ನ ಕಡೆ ತಿರುಗಿ, “ಅದ್ನೇ ಇಡ್ಕೊಂಡು ಕೂರ್ಬ್ಯಾಡ. ಮಾಲು ವಾಪಸ್ ಬಂದ್ರೆ ಎದ್ದು ಮುಂದಿನ್ ಕೆಲ್ಸ ನೋಡ್ತೀವಿ,” ಎಂದಳು.

ಅಷ್ಟು ತಿಂಗಳಲ್ಲಿ ನನಗೆ ನಿಜ ಹೇಳಿದವಳು ಅವಳೊಬ್ಬಳೇ. ಆಟೋದಲ್ಲೇ ಜೋರಾಗಿ ಅತ್ತುಬಿಟ್ಟೆ. ಮನೆ ಮುಟ್ಟುವ ಹೊತ್ತಿಗೆ ನನ್ನದೊಂದು ಕಿಡ್ನಿ ಅವಳಿಗೆ ಕೊಡುವುದೆಂದು ನಿಶ್ಚಯ ಮಾಡಿದ್ದೆ. ಅವಳು ಹದಿನೈದು ದಿನ ಬೇಡವೆಂದು ಜಗಳವಾಡಿದಳು. ಸತ್ತವರ ಕಿಡ್ನಿಗೆ ಹೆಸರು ಬರೆಸಿದ್ದೆವು, ಆದರೆ ಆ ಸಾಲು ಬಹಳ ಉದ್ದ; ಅವಳ ವಯಸ್ಸಿಗೆ ಸರದಿ ಬರುವ ನಂಬಿಕೆ ಇರಲಿಲ್ಲ. ರಕ್ತಸಂಬಂಧದಲ್ಲಿ ಕೊಡಲು ನಾನು ಬಿಟ್ಟರೆ ಯಾರೂ ಇಲ್ಲ. ಕೊನೆಗೆ ಒಪ್ಪಿದಳು. ಒಪ್ಪಿದ ಮೇಲೆ ಅವಳ ಮುಖವೇ ಬೇರೆಯಾಯಿತು. ಆಪರೇಷನ್ ಆದ ಮೇಲೆ ಚೊಂಬು ತುಂಬ ನೀರು ಕುಡಿಯಬೇಕು, ಮಾವಿನಹಣ್ಣು ತಿನ್ನಬೇಕು ಎಂದು ಆಸೆಗಳನ್ನು ಹೇಳಿಕೊಳ್ಳಲು ಶುರುಮಾಡಿದಳು.

ಕೊಡುವವರಿಗೂ ಎಲ್ಲ ಪರೀಕ್ಷೆ ಆಗಬೇಕು. ರಕ್ತ ಹೊಂದಿತು. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಮೊದಲು ಯಾವ ಕಾಲೇಜು, ಯಾವ ಸಬ್ಜೆಕ್ಟ್ ಎಂದೆಲ್ಲ ಮಾತಾಡುತ್ತಿದ್ದವರು ನಡುವೆ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ನನ್ನ ಎರಡೂ ಕಿಡ್ನಿಗಳಲ್ಲಿ ಸಣ್ಣ ಸಣ್ಣ ಗುಳ್ಳೆಗಳಿದ್ದವು.

ಕಿಡ್ನಿ ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು. “ನೀವು ಕೊಡೋ ಹಾಗಿಲ್ಲ ಮೇಡಂ. ಆದರೆ ಒಳ್ಳೇ ಹೊತ್ತಿಗೆ ಸಿಕ್ಕಿದೆ. ನಿಮ್ಮ ರಕ್ತದಲ್ಲಿ ಇನ್ನೂ ಏನೂ ಕೆಟ್ಟಿಲ್ಲ. ಬಿಪಿ ಸ್ವಲ್ಪ ಏರಿದೆ, ಇವತ್ತಿಂದಲೇ ಮಾತ್ರೆ ಶುರುಮಾಡಿ. ಬಹಳ ವರ್ಷ ಚೆನ್ನಾಗಿ ಇರಬಹುದು,” ಎಂದು ಚೀಟಿ ಬರೆದುಕೊಟ್ಟರು. ಅಕ್ಕನಿಗಾಗಿ ಹಿಂದಕ್ಕೆ ಓಡಿಸಿ ಓಡಿಸಿ ಹುಡುಕಿದ್ದ ದಿನ ನನ್ನ ಪಾಲಿಗೆ ಬಂದಿತ್ತು.

ಅಕ್ಕ ಮೇಲಿನ ಮಹಡಿಯಲ್ಲಿ ಡಯಾಲಿಸಿಸ್ ಮಂಚದ ಮೇಲಿದ್ದಳು. ರಿಪೋರ್ಟನ್ನೇ ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತೆ. ಇಷ್ಟು ದಿನದಲ್ಲಿ ಆ ಇಂಗ್ಲಿಷ್ ಪದಗಳೆಲ್ಲ ಅವಳಿಗೆ ಗುರುತಾಗಿದ್ದವು. ನಿಧಾನವಾಗಿ ಓದಿ ಮುಗಿಸಿದಳು.

“ರಕ್ತ?”

“ಸರಿಯಾಗಿದೆ.”

“ಅಂಗಾರೆ ಬೇಗ್ನೇ ಸಿಕ್ತು!” ಎಂದಳು. ಅವಳ ಮುಖ ಅರಳಿತು. ಅತ್ತ ಹೋಗುತ್ತಿದ್ದ ನರ್ಸನ್ನು ಕರೆದು, “ಸಿಸ್ಟರ್, ನಮ್ ತಂಗೀದು ಬೇಗ್ನೇ ಸಿಕ್ಬುಡ್ತು ಕಣ್ರೀ,” ಎಂದಳು. ನಾನು ಏನೋ ಹೇಳಲು ಹೋದೆ, ಆರು ತಿಂಗಳು ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಎಂದೇನೋ. ಮಾತು ಮುಗಿಸಲು ಬಿಡಲಿಲ್ಲ. “ಮಾತ್ರೆ ಬರೆದವ್ರಾ? ಓಗು, ಈಗ್ಲೇ ತಗೊಂಡ್ ಬಾ,” ಎಂದು ಗದರಿದಳು.

ಕೆಳಗಿನ ಮೆಡಿಕಲ್ ಶಾಪಿನಲ್ಲಿ ತೆಗೆದುಕೊಂಡು ಬಂದೆ. ಮನೆಗೆ ಹೋಗಿ ಊಟವಾದ ಮೇಲೆ ತಗೋತೀನಿ ಎಂದರೆ ಕೇಳಲಿಲ್ಲ. ದಿಂಬಿನ ಪಕ್ಕದಿಂದ ತನ್ನ ಬಾಟಲಿ ತೆಗೆದಳು. ಡಯಾಲಿಸಿಸ್‌ನವರಿಗೆ ನೀರು ಅಳತೆಯಲ್ಲಿ. ಬೆಳಗ್ಗೆ ತುಂಬಿಸಿದ ಆ ಸಣ್ಣ ಬಾಟಲಿಯಲ್ಲೇ ಇಡೀ ದಿನ ಕಳೆಯಬೇಕು. ಅವಳು ಅದನ್ನು ಗುಟುಕು ಗುಟುಕಾಗಿ ಸಂಜೆಯವರೆಗೂ ಉಳಿಸಿಕೊಳ್ಳುತ್ತಿದ್ದಳು. ಈಗ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟು, “ನನ್ ಮುಂದೇನೇ ನುಂಗು,” ಎಂದಳು. ನನ್ನ ಕಿಡ್ನಿ ಇನ್ನು ತನಗೆ ಸಿಗುವುದಿಲ್ಲ ಎಂಬ ಮಾತನ್ನು ಆ ದಿನವೂ ಆಡಲಿಲ್ಲ, ಆಮೇಲೂ ಆಡಿಲ್ಲ. ಅವಳು ನೋಡುತ್ತಿರುವಂತೆ ಆ ನೀರಿನಲ್ಲಿ ಮಾತ್ರೆ ನುಂಗಿದೆ.